ಮಾಲಿನಿ ಕಲಿತ ಪೂಲ್ ಆಟ

ಮಾಲಿನಿ ಕೂತು ಏನನ್ನೂ ಕಲಿತವಳಲ್ಲ. ಗುಬ್ಬಿಯ ಮನೆಗೆ ಸೊಸೆಯಾಗಿ ಬಂದ ಹತ್ತೊಂಬತ್ತು ವರ್ಷಗಳಲ್ಲಿ ಅತ್ತೆಯ ಇನ್ಸುಲಿನ್ ಸೂಜಿ ಹಾಕುವುದನ್ನೂ, ಮಗಳ ಹತ್ತನೇ ತರಗತಿಯ ಬೀಜಗಣಿತವನ್ನೂ, ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದರ ಹೆಬ್ಬೆರಳಿನಿಂದ ಹಿಮ್ಮಡಿ ತುರಿಸಿಕೊಳ್ಳುತ್ತ, ನಿಂತೇ ಕಲಿತಳು. ಪೂಲ್ ಆಟವನ್ನು ಕಲಿತದ್ದೂ ಹಾಗೆಯೇ.

ಗಂಡ ಭಾನುಪ್ರಕಾಶ್ ತುಮಕೂರಿನ ಕಾಲೇಜೊಂದರಲ್ಲಿ ಕಾಮರ್ಸ್ ಮೇಷ್ಟ್ರು. ಭಾನುವಾರ ಉಂಡು ಅಲ್ಲಿಯ ಕ್ಲಬ್ಬಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ವಾರ್ಷಿಕೋತ್ಸವಕ್ಕೆಂದು ಒಮ್ಮೆ ಜೊತೆಗೆ ಹೋದ ಮಾಲಿನಿ, ಹಸಿರು ಬಟ್ಟೆಯ ಟೇಬಲ್ಲಿನ ಮೇಲೆ ಚೆಂಡೊಂದು ಮೆಲ್ಲಗೆ ಉರುಳಿ ಮೂಲೆಯ ಪಾಕೆಟ್ಟಿಗೆ ಬಿದ್ದದ್ದನ್ನು ನೋಡಿ ಬೆರಗಾದಳು. ಬಿದ್ದದ್ದು ಆಟ ಮುಗಿಯುವವರೆಗೂ ಬಿದ್ದೇ ಇರುತ್ತಿತ್ತು. ಒಂದು ಕೆಲಸ ಮುಗಿದರೆ ಮುಗಿದೇ ಹೋಗುವಂಥ ಜಾಗ ಒಂದಿದೆ ಎಂಬುದು ಅವಳಿಗೆ ಹೊಸ ಸಂಗತಿ.

ಗೋಡೆಗೆ ಅಂಟಿಸಿದ್ದ ನಿಯಮಗಳ ಫೋಟೋ ತೆಗೆದುಕೊಂಡು ಬಂದಳು. ಮನೆಯ ಊಟದ ಮೇಜಿನ ಮೇಲೆ ಒಂದೇ ಬಣ್ಣದ ಚೆಂಡುಗಳ ಬದಲು ಏಳು ನಿಂಬೆಹಣ್ಣು, ಪಟ್ಟೆಯ ಚೆಂಡುಗಳ ಬದಲು ಏಳು ತೊಂಡೆಕಾಯಿ, ಎಂಟನೇ ನಂಬರಿನ ಕಪ್ಪು ಚೆಂಡಿಗೆ ಒಂದು ಗುಂಡು ಬದನೆ. ತನ್ನ ಪಾಲಿನ ಏಳನ್ನೂ ಪಾಕೆಟ್ಟಿಗೆ ಹಾಕುವ ಮೊದಲು ಕಪ್ಪು ಬಿದ್ದರೆ ಆಟ ಹೋಯಿತು. ಕೋಲಿನಿಂದ ಹೊಡೆಯುವ ಬಿಳಿ ಚೆಂಡು ಬಿದ್ದರೆ ಫೌಲ್. ಕೋಲಿನ ತುದಿ ಬಿಟ್ಟು ಕೈ, ಸೆರಗು, ಏನು ಚೆಂಡಿಗೆ ತಾಗಿದರೂ ಫೌಲ್. ಫೌಲಾದರೆ ಎದುರಾಳಿ ಬಿಳಿಯನ್ನು ತನಗೆ ಬೇಕಾದಲ್ಲಿ ಇಟ್ಟು ಹೊಡೆಯಬಹುದು. ಟೇಬಲ್ಲಿನ ಮೇಲೆ ಕಸ ಬಿದ್ದರೆ ರೆಫರಿಗೆ ಹೇಳಬೇಕು.

“ಇದೇನೇ, ಮುದ್ದೆ ಕೋಲಲ್ಲಿ ತೊಂಡೆಕಾಯಿ ತಿವೀತಿದೀಯ?” ಅಂದರು ಅತ್ತೆ ಚೆನ್ನಮ್ಮ.

“ಆಮೇಲೆ ಪಲ್ಯ ಮಾಡ್ತೀನಿ ಬುಡಿ ಅತ್ತೆ.”

ಮುಂದಿನ ವಾರ್ಷಿಕೋತ್ಸವದ ಹೆಂಗಸರ ಪಂದ್ಯಕ್ಕೆ ಹೆಸರು ಕೊಡುತ್ತೇನೆ ಎಂದಾಗ ಭಾನುಪ್ರಕಾಶ್ ನಕ್ಕ. “ಗೆದ್ರೆ ಭಾನುವಾರ ಮಧ್ಯಾಹ್ನ ನಿಂದು ಕಣೇ, ಮನೆ ನಾನ್ ನೋಡ್ಕೋತೀನಿ. ಸೋತ್ರೆ ಈ ಹುಚ್ಚು ಬುಡಬೇಕು.”

“ಮಾತು ಮಾತೇ ಅಲ್ವೇನ್ರೀ?”

“ಮಾತೇ.”

ಮಂಗಳವಾರಗಳಂದು ಅತ್ತೆಯ ಮಂಡಿಗೆ ತುಮಕೂರಿನಲ್ಲಿ ಫಿಸಿಯೋಥೆರಪಿ. ಅವರನ್ನು ಅಲ್ಲಿ ಬಿಟ್ಟ ಮುಕ್ಕಾಲು ಗಂಟೆ ಮಾಲಿನಿ ಕ್ಲಬ್ಬಿಗೆ ಓಡುತ್ತಿದ್ದಳು. ಸೆಕ್ರೆಟರಿ ಸದಾಶಿವಯ್ಯನವರು ಖಾಲಿ ಟೇಬಲ್ ಬಿಟ್ಟುಕೊಟ್ಟು, “ನಿಮ್ ಯಜಮಾನ್ರಿಗಿಂತ ನಿಮ್ ಕೈ ನಿಧಾನ ಕಣಮ್ಮ, ಅದೇ ಬೇಕಾಗಿರೋದು” ಎನ್ನುತ್ತಿದ್ದರು. ಎಂಟು ತಿಂಗಳು ಹೀಗೆ ನಡೆಯಿತು.

ಪಂದ್ಯದ ಕೊನೆಗೆ ಉಳಿದವರು ಇಬ್ಬರು: ಮಾಲಿನಿ, ಮತ್ತು ಕುಣಿಗಲ್ಲಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಮೋನಿಕಾ ಎಂಬ ಹುಡುಗಿ. ಮಾಲಿನಿ ತನ್ನ ಏಳನ್ನೂ ಹಾಕಿದ್ದಳು. ಮೋನಿಕಾಳದು ಇನ್ನೂ ಒಂದು ಉಳಿದಿತ್ತು. ಕಪ್ಪು ಚೆಂಡು ಮೂಲೆಯ ಪಾಕೆಟ್ಟಿನಿಂದ ಗೇಣಳತೆ ದೂರದಲ್ಲಿ, ಬಿಳಿಗೆ ನೇರ ಎದುರು. ಭಾನುವಾರ ಅಷ್ಟು ಹತ್ತಿರವಿತ್ತು. ಮಾಲಿನಿ ಯಾವ ಪಾಕೆಟ್ಟೆಂದು ತೋರಿಸಿ ಹೇಳಿ, ಬಗ್ಗಿದಳು.

ಪಕ್ಕದಲ್ಲೇ ನಿಂತು ಹುರಿದ ಕಡಲೆಕಾಯಿ ಸುಲಿದು ತಿನ್ನುತ್ತಿದ್ದ ಭಾನುಪ್ರಕಾಶನ ಕೈಯಿಂದ ಒಂದು ಸಿಪ್ಪೆ ಹಾರಿ ಕಪ್ಪು ಚೆಂಡಿನ ಬುಡಕ್ಕೆ ಬಿತ್ತು. ರೆಫರಿಯಾಗಿದ್ದ ಸದಾಶಿವಯ್ಯನವರು ಎರಡು ಹೆಜ್ಜೆ ಆಚೆಗಿದ್ದರು. ಒಂದು ಮಾತು ಅಂದಿದ್ದರೆ ಸಾಕಿತ್ತು. ಆದರೆ ಕಸ ಬಿದ್ದರೆ ಇನ್ನೊಬ್ಬರಿಗೆ ಹೇಳುವುದು ಅವಳು ಬಾಯಿಪಾಠ ಮಾಡಿದ್ದ ನಿಯಮ, ಬದುಕಿನಲ್ಲಿ ರೂಢಿಯಾದದ್ದಲ್ಲ. ಅವಳ ಎಡಗೈ ಮುಂದೆ ಹೋಗಿ, ಮೇಜಿನ ಮೇಲಿನ ಅನ್ನದಗುಳು ಒರೆಸುವ ಹಾಗೆ, ಅಂಗೈ ಅಂಚಿನಿಂದ ಸಿಪ್ಪೆಯನ್ನು ತನ್ನತ್ತ ಎಳೆದುಕೊಂಡಿತು. ಕಿರುಬೆರಳು ತಾಗಿ ಕಪ್ಪು ಅರ್ಧ ಸುತ್ತು ಉರುಳಿತು.

ಸಿಪ್ಪೆ ಅವಳ ಮುಷ್ಟಿಯಲ್ಲಿತ್ತು.

“ಫೌಲ್ ಕಣಮ್ಮ,” ಅಂದರು ಸದಾಶಿವಯ್ಯನವರು, ತಲೆ ಬಗ್ಗಿಸಿ.

“ಅಯ್ಯೋ, ಆಂಟಿ ಬೇಕಂತ ಮಾಡಿಲ್ಲ ಸಾರ್, ಹೋಗ್ಲಿ ಬಿಡಿ,” ಎಂದಳು ಮೋನಿಕಾ.

“ಇಲ್ಲಮ್ಮ, ರೂಲ್ಸ್ ಅಂದ್ರೆ ರೂಲ್ಸು. ನೀನು ಆಡು,” ಎಂದವಳು ಮಾಲಿನಿಯೇ. ಮೋನಿಕಾ ಬಿಳಿಯನ್ನು ಇಟ್ಟುಕೊಂಡಳು, ತನ್ನ ಕೊನೆಯದನ್ನು ಹಾಕಿದಳು, ಕಪ್ಪನ್ನೂ ಹಾಕಿದಳು.

“ಹೋಗ್ಲಿ ಬುಡೇ, ಕ್ಲಬ್ಬಿನ ಟೇಬಲ್ಲಾದ್ರೂ ಕ್ಲೀನಾಯ್ತು,” ಎಂದ ಭಾನುಪ್ರಕಾಶ್. ಸುತ್ತಲಿದ್ದವರೆಲ್ಲ ನಕ್ಕರು. ಸ್ವಲ್ಪ ತಡವಾಗಿ ಮಾಲಿನಿಯೂ ನಕ್ಕಳು.

ಎರಡು ವಾರ ಬಿಟ್ಟು ಸದಾಶಿವಯ್ಯನವರು ಫೋನ್ ಮಾಡಿ, ಮಂಗಳವಾರ ಯಾಕೆ ಬರುತ್ತಿಲ್ಲ ಎಂದು ಕೇಳಿದರು. “ಅತ್ತೆ ಮಂಡಿ ವಾಸಿಯಾಯ್ತು ಸಾರ್,” ಅಂದಳು. ವಾಸಿಯಾಗಿರಲಿಲ್ಲ.

ಇಂಥ ಹೆಂಗಸರಿಗೆ ಕಲಿಯುವ ಬುದ್ಧಿಗೆ ಕೊರತೆಯಿಲ್ಲ. ಬಿಡುವು ಸಿಕ್ಕ ಮುಕ್ಕಾಲು ಗಂಟೆಯಲ್ಲೇ ಅವರು ಯಾವ ಆಟವನ್ನಾದರೂ ಕಲಿತಾರು. ಆದರೆ ಎಂಟು ವರ್ಷದ ಹುಡುಗಿಯ ಕೈಗೆ ಹತ್ತಿಸಿದ ಅಭ್ಯಾಸವನ್ನು ನಲವತ್ತಮೂರರ ವಯಸ್ಸಿನಲ್ಲಿ ಇಳಿಸುವುದು ಹೇಗೆಂದು ಹೇಳಿಕೊಡುವವರಿಲ್ಲ. ಬೇರೆಯವರು ಬೀಳಿಸಿದ್ದನ್ನು ಕಂಡೂ ಸುಮ್ಮನೆ ನಿಲ್ಲಬಲ್ಲವರಿಗೆ ಗೆಲುವು ಸುಲಭ. ಇವರು ಸೋಲುತ್ತಾರೆ, ಸೋತು, ತಪ್ಪು ತಮ್ಮದೇ ಎಂದು ನಂಬಿ ಮನೆಗೆ ಬರುತ್ತಾರೆ, ಬಂದು, ಏನಾಯ್ತಮ್ಮಾ ಎಂದು ಕೇಳುವ ಮಗಳಿಗೂ ಅದನ್ನೇ ಹೇಳುತ್ತಾರೆ.