ನಾಲ್ಕು ತಿಂಗಳು ಚಿಕ್ಕವಳು

ಚೂಟಿಗೆ ದೊಡ್ಡ ಶಾಲೆಯಲ್ಲಿ ಸೀಟು ಸಿಗಲಿಲ್ಲವೆಂದು ಗೊತ್ತಾದ ದಿನ ನನ್ನ ತಮ್ಮ ಭೂಮಿ ಆಕಾಶ ಒಂದು ಮಾಡಿದ. ಬಸ್ ಮೆಕ್ಯಾನಿಕ್ ಅವನು. ಗ್ರೀಸ್ ಹತ್ತಿದ ಕೈ ಕೂಡ ತೊಳೆಯದೆ ನನ್ನ ಹೊಲಿಗೆ ಅಂಗಡಿಗೆ ನುಗ್ಗಿದ.

"ಬೇಕರಿಯವನ ಮಗಳೂ ನಮ್ಮ ಚೂಟಿಯೂ ಸರಿ ಉತ್ತರ ಬರೆದಿದ್ದು ಒಂದೇ ಸಮ ಅಕ್ಕಾ. ಅವಳಿಗೆ ಸೀಟು, ನನ್ನ ಮಗಳಿಗೆ ಇಲ್ಲ! ಇದ್ಯಾವ ನ್ಯಾಯ?"

ಜಗಳಕ್ಕೆ ನಾನು ಯಾವತ್ತೂ ಹಿಂದೆ ಸರಿದವಳಲ್ಲ. ಕತ್ತರಿ ಕೆಳಗಿಟ್ಟು ಅವನ ಜೊತೆ ಶಾಲೆಗೆ ಹೊರಟೆ. ಪ್ರವೇಶ ಪರೀಕ್ಷೆ ನೋಡಿಕೊಳ್ಳುವ ಮೇಡಂ ನಾವೆಷ್ಟು ಕೂಗಿದರೂ ದನಿ ಏರಿಸಲಿಲ್ಲ.

"ಈಗಷ್ಟೇ ಹತ್ತು ತುಂಬಿದ ಮಗುವಿಗೂ ಹನ್ನೊಂದರ ಹತ್ತಿರ ಇರೋ ಮಗುವಿಗೂ ಒಂದೇ ಪ್ರಶ್ನೆಪತ್ರಿಕೆ. ಆ ವಯಸ್ಸಲ್ಲಿ ಕೆಲವೇ ತಿಂಗಳು ಅಂದ್ರೂ ದೊಡ್ಡ ವ್ಯತ್ಯಾಸ. ಅದಕ್ಕೇ ಎಷ್ಟು ಸರಿ ಬರೆದ್ರು ಅಂತ ಮಾತ್ರ ನೋಡಲ್ಲ. ಅದೇ ವಯಸ್ಸಿನ ಬೇರೆ ಮಕ್ಕಳು ಹೇಗೆ ಬರೆದಿದ್ದಾರೆ ಅಂತ ಹೋಲಿಸಿ ಅಂಕ ಕೊಡ್ತೀವಿ. ಬೇಕರಿಯವರ ಮಗಳು ಚಿಕ್ಕವಳು, ಅವಳ ವಯಸ್ಸಿಗೆ ಅಷ್ಟು ಬರೆದಿದ್ದು ಹೆಚ್ಚು. ನಿಮ್ಮವಳು ದೊಡ್ಡವಳು, ಒಂದು ಅಂಕದಲ್ಲಿ ಹಿಂದೆ ಬಿದ್ಲು."

ಅವರ ಮಾತು ಸರಿಯಾಗಿಯೇ ಇತ್ತು. ಆದರೆ ಚೂಟಿ ಅಷ್ಟು ದೊಡ್ಡವಳಲ್ಲ ಎಂಬುದು ನನಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು.

ಅವನ ಹೆಂಡತಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದಾಳೆ. ಅದೇ ಆಸ್ಪತ್ರೆಯಲ್ಲಿ ಅವಳಿಗೊಂದು ಹೆಣ್ಣುಮಗು ಬೆಳಿಗ್ಗೆ ಹುಟ್ಟಿ ಸಂಜೆಗೆ ತೀರಿಕೊಂಡಿತು. ಮರುವರ್ಷ ಯಾರೋ ವಾರ್ಡಿನಲ್ಲಿ ಬಿಟ್ಟುಹೋದ ಕೂಸನ್ನು ಇವರು ಕಾನೂನು ಪ್ರಕಾರವೇ ಮಗಳಾಗಿ ಪಡೆದರು. ಅದು ಹುಟ್ಟಿದ ದಿನ ಯಾರಿಗೆ ಗೊತ್ತು? ಡಾಕ್ಟರು ಹಲ್ಲು, ಎತ್ತರ ನೋಡಿ ಒಂದು ಅಂದಾಜು ಹೇಳಿದರು. ತಮ್ಮನ ಹೆಂಡತಿ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಅದಕ್ಕಿಂತ ನಾಲ್ಕು ತಿಂಗಳು ಹಿಂದಿನ ಒಂದು ತಾರೀಖೇ ಬೇಕೆಂದು ಅತ್ತಳು. ಅದು ಸತ್ತ ಮಗು ಹುಟ್ಟಿದ ದಿನ. ಡಾಕ್ಟರು ಕನಿಕರಪಟ್ಟು ಹಾಗೆಯೇ ಬರೆದುಕೊಟ್ಟರು. ಚೂಟಿಗೆ ತಾನು ಆಸ್ಪತ್ರೆಯಿಂದ ಬಂದವಳೆಂದು ಗೊತ್ತು. ತನ್ನ ಹುಟ್ಟುಹಬ್ಬ ಇನ್ನೊಬ್ಬಳದೆಂದು ಯಾರೂ ಹೇಳಿರಲಿಲ್ಲ.

ತಮ್ಮ ಇದನ್ನೆಲ್ಲ ಹೇಳಿಕೊಂಡ ಮೇಲೆ, ಡಾಕ್ಟರ ಪತ್ರ ತಂದು ತಾರೀಖು ತಿದ್ದಿಸಿದರೆ ಮತ್ತೆ ಲೆಕ್ಕ ಹಾಕುವುದಾಗಿ ಮೇಡಂ ಹೇಳಿದರು.

ಮನೆಯಲ್ಲಿ ವಿಷಯ ತಿಳಿಸಿದಾಗ ತಮ್ಮನ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡದೆಯೇ ಕೇಳಿದಳು, "ಬೇರೆ ಶಾಲೆ ಇಲ್ವಾ?"

ತಮ್ಮ ಗೋಡೆ ನೋಡುತ್ತ ನಿಂತ. ಇಂಥ ಮಾತು ಆಡಲು ನಾನೇ ಬೇಕು.

"ಇದೆ. ಅಲ್ಲಿ ಪಾಠ ಮಾಡೋಕೆ ಮೇಷ್ಟ್ರೇ ಇಲ್ಲ. ಓದ್ಬೇಕಾಗಿರೋದು ಬದುಕಿರೋ ಮಗು ಕಣೇ."

ನಾನು ಅಂದದ್ದು ಸರಿಯೇ, ಇವತ್ತಿಗೂ ಅದನ್ನೇ ಅನ್ನುತ್ತೇನೆ. ಆದರೂ ಅವಳ ಮುಖ ನೋಡಿ ಅಯ್ಯೋ ಅನ್ನಿಸಿತು. ಅವಳು ನಲ್ಲಿ ನಿಲ್ಲಿಸಿದಳು. ಮರುದಿನ ತಾನೇ ಡಾಕ್ಟರ ಹತ್ತಿರ ಹೋದಳು.

ಚೂಟಿಗೆ ಸೀಟು ಸಿಕ್ಕಿತು.

"ಅತ್ತೆ, ನಾನು ನಾಲ್ಕು ತಿಂಗಳು ಚಿಕ್ಕವಳಾದೆ!" ಎಂದು ಅಂಗಡಿಯ ತುಂಬ ಕುಣಿದಳು.

"ಆ ಡಾಕ್ಟರ ಹತ್ರ ನನಗೂ ಒಂದು ಪತ್ರ ಕೊಡಿಸೇ, ಇಪ್ಪತ್ತು ವರ್ಷ ಇಳಿಸ್ಕೋತೀನಿ," ಎಂದು ನಗಿಸಿದೆ.

ಆಮೇಲೆ ಆ ಹಳೆಯ ತಾರೀಖು ಬಂತು. ನನಗೆ ಮನಸ್ಸು ತಡೆಯದೆ ಬೆಳಿಗ್ಗೆಯೇ ಅವರ ಮನೆಗೆ ಹೋದೆ. ಚೂಟಿ ಹೊಸ ಶಾಲೆಯ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಳು.

"ಅಮ್ಮ ಪ್ರತಿ ವರ್ಷದ ಹಾಗೆ ಇವತ್ತೂ ರಜೆ ಹಾಕಿದ್ದಾಳೆ ಅತ್ತೆ. ಮರೆಗುಳಿ! ನನ್ನ ಹುಟ್ಟುಹಬ್ಬಕ್ಕೆ ಇನ್ನೂ ಎಷ್ಟು ದಿನ ಇದೆ," ಎಂದು ನಕ್ಕು ಓಡಿದಳು.

ಮಗಳು ಬೀದಿಯ ತಿರುವು ದಾಟುವವರೆಗೆ ನೋಡುತ್ತಿದ್ದು, ತಮ್ಮನ ಹೆಂಡತಿ ಬಾಗಿಲ ಮೆಟ್ಟಿಲ ಮೇಲೆ ಕುಳಿತಳು.

"ಇಷ್ಟು ವರ್ಷ ಅವಳೂ ಇವಳ ಜೊತೆಗೇ ಬೆಳೀತಿದ್ಳು ಅತ್ತಿಗೆ. ಹಲ್ಲು ಬಂತು, ಮಾತು ಬಂತು, ಜಡೆ ಉದ್ದ ಆಯ್ತು, ಎಲ್ಲಾ ನೋಡಿದೆ. ಇವತ್ತು ಬೆಳಿಗ್ಗೆ ಎದ್ದು ನೋಡ್ತೀನಿ, ಮತ್ತೆ ಒಂದೇ ದಿನದ ಕೂಸಾಗಿಬಿಟ್ಟಿದ್ದಾಳೆ."

ಅವಳ ಪಕ್ಕ ಕುಳಿತು ನಾನೂ ಅತ್ತುಬಿಟ್ಟೆ.