ಬೋಣಿಯ ಗಿರಾಕಿ

ನಿಜಾಮರ ಪರ ಬಂದೂಕು ಹಿಡಿದ ರಜಾಕಾರರಿಗೆ ಖಾಕಿ ಅಂಗಿ ಹೊಲಿದುಕೊಟ್ಟರೆಂದು ನನ್ನ ಉಸ್ತಾದ ಅಜೀಮುದ್ದೀನ್ ದರ್ಜಿಯವರನ್ನು ಹುಮನಾಬಾದದ ಠಾಣೆಯಲ್ಲಿ ಕೂಡಿಸಿದ್ದರು. ಹಿಂದೂಸ್ತಾನದ ಫೌಜು ಬಂದು ಪೊಲೀಸ್ ಆಕ್ಷನ್ ಆಗಿ ಅಂಗಿ ತೊಟ್ಟವರೆಲ್ಲ ಓಡಿಹೋದ ಮೇಲೆ ಕೈಗೆ ಸಿಕ್ಕವನು ಹೊಲಿದವನು. ಠಾಣೆಯ ಅಧಿಕಾರಿ ಅಮೀನ ನನಗೆ ಹೇಳಿದ್ದು ಇಷ್ಟೇ: ನಿಮ್ಮ ಕಲ್ಯಾಣದ ಪೇಟೆಯಿಂದ ಹೆಸರುಳ್ಳ ವ್ಯಾಪಾರಿಯೊಬ್ಬ ನಾಡಿದ್ದು ಸಂಜೆಯೊಳಗೆ ಬಂದು, ಇವನು ಒಳ್ಳೆಯವನು ಎಂದು ನನ್ನೆದುರು ಹೇಳಲಿ, ಬಿಡುತ್ತೇನೆ. ಯಾರೂ ಬರದಿದ್ದರೆ ಕಲಬುರ್ಗಿ ಜೈಲಿನ ಲಾರಿ ಹತ್ತಿಸುತ್ತೇನೆ.

ಇದು ಸುಲಭದ ಕೆಲಸ ಅಂದುಕೊಂಡು ರಾತ್ರೋರಾತ್ರಿ ಕಲ್ಯಾಣಕ್ಕೆ ಬಂದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಬುದ್ಧಿ, ಮತ್ತೇನು ಅಂದುಕೊಂಡೀತು. ಒಂದು ಖಾಕಿ ಅಂಗಿ ಆಕಾಶದಿಂದ ಉದುರುವುದಿಲ್ಲ. ಅದರ ಅರಿವೆ ಮಹಾರುದ್ರಪ್ಪ ಸಾವುಕಾರರ ಅಂಗಡಿಯದು. ಗುಂಡಿ, ದಾರ ದತ್ತಾತ್ರಿಯವು. ಸೊಂಟದ ಪಟ್ಟಿ ಜಲಾಲುದ್ದೀನರ ಚರ್ಮದ ಅಂಗಡಿಯದು. ಉಸ್ತಾದರದೆಂದು ಅದರಲ್ಲಿ ಇದ್ದದ್ದು ಹೊಲಿಗೆಯೊಂದೇ, ಅದೂ ಬಂದೂಕು ಹಿಡಿದು ಹೊಸ್ತಿಲಲ್ಲಿ ನಿಂತವರೆದುರು ಹಾಕಿದ್ದು. ಮಾರಿ ಉಂಡ ಮೂವರಲ್ಲಿ ಒಬ್ಬನಾದರೂ ಬಾಯಿ ಬಿಡುತ್ತಾನೆ ಎಂದು ನಂಬಿದ್ದೆ.

ಬೆಳಿಗ್ಗೆ ಮೊದಲು ಹೋದದ್ದು ದತ್ತಾತ್ರಿಯ ಅಂಗಡಿಗೆ. ಆಗಷ್ಟೇ ಕದ ತೆರೆದು, ನೀರು ಚಿಮುಕಿಸಿ, ಗಲ್ಲೆಪೆಟ್ಟಿಗೆಗೆ ಊದಿನಕಡ್ಡಿ ಬೆಳಗುತ್ತಿದ್ದ. ದೇವರಿಗೆ ಒಂದು ಸುತ್ತು, ಗಲ್ಲೆಗೆ ಮೂರು.

"ಕಾಕಾ, ಉಸ್ತಾದರ ಸಲುವಾಗಿ ಒಂದ ಮಾತ ಹೇಳಾಕ ಹುಮನಾಬಾದಕ್ಕ ಬರ್ತೀರೇನ್ರಿ?"

ಅವನ ಕೈ ಅಲ್ಲೇ ನಿಂತಿತು. ನಮ್ಮ ಪೇಟೆಯಲ್ಲಿ ಒಂದು ಕಟ್ಟಳೆ ಇದೆ. ದಿನದ ಮೊದಲ ವ್ಯಾಪಾರ ಬೋಣಿ. ಬೋಣಿಯ ಗಿರಾಕಿಗೆ 'ಇಲ್ಲ' ಅನ್ನಬಾರದು, ಅವನನ್ನು ಬರಿಗೈಯಲ್ಲಿ ಕಳಿಸಬಾರದು. ಅಂದರೆ, ಕಳಿಸಿದರೆ, ಅವತ್ತಿನ ದಿನವೇ ಸತ್ತಿತು. ಸಾಮಾನು ಇರದಿದ್ದರೂ 'ನಾಳಿಗಿ ಬರ್ತದ' ಅನ್ನುವ ಜನ ಇವರು. ದತ್ತಾತ್ರಿ ಗಡಬಡಿಸಿ ಒಂದು ಸೂಜಿ ತೆಗೆದು ನನ್ನ ಮುಂದೆ ಹಿಡಿದ.

"ಮೊದಲ ಏನರ ತಗೋಳೋ. ಆಮ್ಯಾಲ ಮಾತಾಡಮು."

"ಸೂಜಿ ಬ್ಯಾಡ್ರಿ. ಬರ್ತೀರೊ ಇಲ್ಲೊ ಅಷ್ಟ ಹೇಳ್ರಿ."

"ಇಲ್ಲ" ಎಂದುಬಿಟ್ಟ. ಅಂದ ಮೇಲೆ ತಾನೇ ಹಣೆ ಬಡಿದುಕೊಂಡ. "ಬೋಣಿ ಕೆಡಸಿದೆಲ್ಲೊ ದಿಗಂಬರಾ. ನಿನ್ನ ಬಾಯಾಗ ಮಣ್ಣ ಬೀಳಲಿ."

ಉಸ್ತಾದರಿಗೆ ಜೈಲಾಗುತ್ತದೆ ಎಂದಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಗುಂಡಿ ಮಾರಾಟವಾಗಲಿಕ್ಕಿಲ್ಲ ಎಂದಾಗ ಕಣ್ಣಲ್ಲಿ ನೀರು ಬಂತು.

ಜಲಾಲುದ್ದೀನರು ಅಂಗಡಿಯ ಒಳಕೋಣೆಯಲ್ಲಿ ಕೂತು ಸೊಂಟದ ಪಟ್ಟಿಗಳ ಹಿತ್ತಾಳೆ ಬಿಲ್ಲೆ ಕಿತ್ತು, ಎತ್ತಿನ ಕೊರಳಪಟ್ಟಿ ಮಾಡುತ್ತಿದ್ದರು. ಹೋದ ವರ್ಷ ಎದೆ ಸೆಟೆಸಿಕೊಂಡು ಕಟ್ಟಿದವರ ಪಟ್ಟಿ ಇನ್ನು ಕೊಹಿನೂರ ಹಳ್ಳಿಯ ಎತ್ತುಗಳಿಗೆ. ಎತ್ತುಗಳಾದರೂ ದುಡಿಯುತ್ತವೆ.

"ಬೇಟಾ, ನಾ ಬಂದು ಅಂವ ಒಳ್ಳೇಂವ ಅಂದ್ರ, ನಿನಗ ಹ್ಯಾಂಗ ಗೊತ್ತು ಅಂತ ನನ್ನೂ ಅವನ ಬಾಜೂಕ ಕೂಡಸ್ತಾರ" ಎಂದರು, ತಲೆ ಎತ್ತದೆ.

ಅದರಲ್ಲಿ ಸುಳ್ಳಿರಲಿಲ್ಲ. ಅವತ್ತು ನನಗೆ ನಿಜದ ಮೇಲೂ ಸಿಟ್ಟಿತ್ತು. ಸಲಾಂ ಹೇಳದೆ ಎದ್ದು ಬಂದೆ.

ಅಷ್ಟರಲ್ಲಿ ಬೋಣಿ ಕೆಡಿಸಿದ ಸುದ್ದಿ ನನಗಿಂತ ಮುಂದೆ ನಡೆದಿತ್ತು. ಎಣ್ಣೆಯ ಅಂಗಡಿಯವನು ದೂರದಿಂದಲೇ "ಮುಂದ ಹೋಗಪ" ಎಂದು ಫಕೀರನಿಗೆ ಎತ್ತುವ ಹಾಗೆ ಕೈ ಎತ್ತಿದ. ತಾಮ್ರದ ಅಂಗಡಿಯವನು ಕೊಡಗಳ ಹಿಂದೆ ಅಡಗಿದ. ಅವನ ಹೊಟ್ಟೆ ಅಡಗಲಿಲ್ಲ. ಕಿರಾಣಿಯವನು ನಾನು ಬಾಯಿ ತೆರೆಯುವ ಮೊದಲೇ ನನ್ನ ಬಾಯಿಗೆ ಬೆಲ್ಲದ ಚೂರು ತುರುಕಿ, "ನನ್ನ ಬೋಣಿ ಆಗ್ಯಾದ, ಖರೆ, ಆದ್ರೂ ಯಾಕ ಬೇಕ" ಎಂದ. ಚಹಾದ ಹೋಟೆಲಿನಲ್ಲಿ ಕೂತವರು ನಗುತ್ತಿದ್ದರು. "ಏ ದರ್ಜಿ ಖಲೀಫಾ, ನಿನ್ನ ಉಸ್ತಾದ ಜೈಲಿನಾಗ ಕೈದಿಗಳ ಚಡ್ಡಿ ಹೊಲೀತಾನ ಬಿಡೊ. ಗಿರಾಕಿ ಓಡಿ ಹೋಗಂಗಿಲ್ಲ." ನಕ್ಕವರ ಮೈಮೇಲಿನ ಅಂಗಿಗಳೂ ಉಸ್ತಾದರು ಹೊಲಿದವೇ. ಒಬ್ಬನದಕ್ಕೆ ಗುಂಡಿಯ ಕಾಜಾ ಹಾಕಿದವನು ನಾನು. ಹರಿದು ತರಬೇಕೆಂದು ಕೈ ತುರಿಸಿತು.

ಕೊನೆಗೆ ಮಹಾರುದ್ರಪ್ಪ ಸಾವುಕಾರರ ಅರಿವೆ ಅಂಗಡಿ. ಗಾದಿಯ ಮೇಲಿನ ಗೋಡೆಯಲ್ಲಿ ನಿಜಾಮರ ಫೋಟೊ ಇತ್ತು. ಈಗ ಅದೇ ಮೊಳೆಗೆ ಗಾಂಧಿ. ಆದರೆ ಗಾಂಧಿಯ ಫೋಟೊ ಸಣ್ಣದು, ಹಳೆಯ ಚೌಕಟ್ಟಿನ ಬಿಳಿ ಗುರುತು ಸುತ್ತಲೂ ಉಳಿದಿತ್ತು. ಸುಣ್ಣ ಬಳಿಯುವಷ್ಟೂ ದೇಶಭಕ್ತಿ ಇರಲಿಲ್ಲ. ಮುಂದೆ ಖಾದಿಯ ಥಾನುಗಳು, ಹಿಂದೆ ಗೋಣಿಚೀಲದ ಕೆಳಗೆ ಖಾಕಿಯದು. ಚೀಲ ಗಿಡ್ಡವಾಗಿ ತುದಿ ಹೊರಗೆ ಇಣುಕುತ್ತಿತ್ತು.

"ನೋಡಪ ತಮ್ಮಾ" ಎಂದರು ಸಾವುಕಾರರು, ಅಡಿಕೆ ಕತ್ತರಿಸುತ್ತ. "ನಾ ಮಾರಿದ್ದು ಅರಿವಿ. ಅರಿವಿ ಅಂದ್ರ ಅರಿವಿ. ಅದರಾಗ ಚಾದರ ಆಗ್ತದ, ತೊಟ್ಟಿಲದ ಜೋಳಿಗಿ ಆಗ್ತದ. ಹೊಲಿದ ಮ್ಯಾಲ ಅದು ರಜಾಕಾರನ ಅಂಗಿ ಆತು. ಪಾಪ ಹೊಲಿಗ್ಯಾಗ ಅದ, ಅರಿವ್ಯಾಗ ಇಲ್ಲ."

"ಖಾಕಿ ತೊಟ್ಟಿಲ ಯಾವ ಊರಾಗ ಕಟ್ಟ್ಯಾರ್ರಿ ಸಾವುಕಾರ್ರ?"

"ಬಾಯಿ ಭಾಳ ಬಂದಾದ ನಿನಗ" ಎಂದು ಅಡಕೊತ್ತಿನಿಂದಲೇ ಬಾಗಿಲು ತೋರಿಸಿದರು.

ಮಧ್ಯಾಹ್ನ ಉಸ್ತಾದರ ಮನೆಗೆ ಹೋದೆ. ಅವರ ಹೆಂಡತಿ ರಾಬಿಯಾ ಚಾಚಿ ಹೊಲಿಗೆಯ ಮಷೀನನ್ನು ಒರೆಸುತ್ತ ಕೂತಿದ್ದರು. ಅದರ ಮೇಲೆ ಧೂಳೇ ಇರಲಿಲ್ಲ.

"ಯಾರ ಬರ್ತೀನಂದ್ರು?"

"ಭಾಳ ಮಂದಿ ಚಾಚಿ. ಯಾರನ್ನ ಕರಕೊಂಡು ಹೋಗ್ಲಿ ಅಂತ ನೋಡಾಕತ್ತೇನಿ."

ಅವರು ನನ್ನ ಮುಖ ನೋಡಿದರು. ರೊಟ್ಟಿ ಕೊಟ್ಟರು. ಆಮೇಲೆ ಹೇಳಿದರು: "ದತ್ತಾತ್ರಿ ಹೇಣ್ತಿ ಜಿಜಾಬಾಯಿ ಬಂದಿದ್ದಳು. ಮುಂಜಾನಿಂದ ಒಂದ ಗುಂಡಿ ಸೈತ ಹೋಗಿಲ್ಲಂತ. ಈ ದಿಗಂಬರ ಹಿಂಗ ದಿನಾ ಬಂದ ನಿಂತ್ರ ಅಂಗಡಿಗಿ ಕೀಲಿ ಹಾಕಬೇಕಾಗ್ತದ ಅಂತ ಬೈದು ಹೋದಳು."

ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದೆ. ಬೆಳಗಿನಿಂದ ನ್ಯಾಯ, ಋಣ, ನೆರೆಹೊರೆ ಎಂದು ಒದರಿದ್ದೆ. ಆ ಸಾಮಾನು ಈ ಪೇಟೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಇವರು ಕೊಳ್ಳುವುದೇನೆಂದು ಜಿಜಾಬಾಯಿ ಹೇಳಿಕೊಟ್ಟಿದ್ದಳು.

ದೀಪ ಹಚ್ಚುವ ಹೊತ್ತಿಗೆ ಮತ್ತೆ ಮಹಾರುದ್ರಪ್ಪನವರ ಅಂಗಡಿಯ ಕಟ್ಟೆ ಹತ್ತಿದೆ.

"ಮತ್ತ ಯಾಕ ಬಂದಿ?"

"ಹೇಳಿ ಹೋಗಾಕ ಬಂದೇನ್ರಿ. ಉಸ್ತಾದರು ಜೈಲಿಗಿ ಹೋದ್ರ ನನಗ ಕೆಲಸ ಇಲ್ಲ. ಅದಕ್ಕ ದಿನಾ ಮುಂಜಾನಿ ನೀವು ಕದ ತೆಗ್ಯಾಕಿಂತ ಮೊದಲ ಇಲ್ಲಿ ಬಂದ ಕೂಡ್ತೀನಿ. ಕದ ತೆಗದ ಕೂಡಲೆ, ನನ್ನ ಉಸ್ತಾದರು ಒಳ್ಳೇವರು ಹೌದೊ ಅಲ್ಲೊ ಅಂತ ಕೇಳ್ತೀನಿ. ನೀವು ಅಲ್ಲ ಅಂದು ಕಳಸ್ರಿ. ಹಬ್ಬ ಇರಲಿ, ಲಗ್ನದ ಸುಗ್ಗಿ ಇರಲಿ, ನಾನಂತೂ ತಪ್ಪಸಂಗಿಲ್ಲ."

ಅವರು ನಕ್ಕರು. ಆಮೇಲೆ ಎದುರು ಸಾಲಿನಲ್ಲಿ ನೊಣ ಹೊಡೆಯುತ್ತ ಕೂತಿದ್ದ ದತ್ತಾತ್ರಿಯ ಕಡೆ ಕಣ್ಣು ಹೋಯಿತು. ನಗು ನಿಂತಿತು. ಅಡಕೊತ್ತು ಕೆಳಗಿಟ್ಟರು. ಎರಡು ಸರಕಾರಗಳಿಗೆ ಹೆದರದೆ ಎರಡರಲ್ಲೂ ಲಾಭ ಮಾಡಿದ ಮನುಷ್ಯ, ಒಬ್ಬ ಕಾಜಾ ಹಾಕುವವನ ಕಾಲ್ಗುಣಕ್ಕೆ ಬೆವರಿದ.

"ನಾಳಿಗಿ ಹುಮನಾಬಾದದಾಗ ನಂದೂ ಒಂದ ಕೆಲಸ ಅದ" ಎಂದರು, ಕೊನೆಗೆ, ಗೋಡೆ ನೋಡುತ್ತ.

ಮರುದಿನ ಮೋಟಾರಿನಲ್ಲಿ ಸಾವುಕಾರರು ರಾಜೇಶ್ವರದ ಹಳ್ಳಿ ದಾಟುವವರೆಗೂ ನನಗೆ ಬೆನ್ನು ತಿರುಗಿಸಿ ಕೂತಿದ್ದರು. ಠಾಣೆಯಲ್ಲಿ ಮಾತ್ರ ನಾಲಿಗೆಗೆ ಬೆಣ್ಣೆ ಹಚ್ಚಿಕೊಂಡು ಬಂದವರ ಹಾಗೆ ಹೇಳಿದರು: "ಅಮೀನಸಾಹೇಬ್ರ, ಅಜೀಮುದ್ದೀನ್ ಅಂದ್ರ ಬಂಗಾರದಂಥ ಮನಶ್ಯಾ. ಬಂದೂಕಿನ ಮುಂದ ಹೊಲಿದಾನ್ರಿ, ಪಾಪ. ನನಗ ಎಷ್ಟ ಸಂಕಟ ಆತು ಅಂತೀರಿ, ಕೇಳಿದ ಕೂಡಲೆ ಓಡಿ ಬಂದೆ." ಅಮೀನ ತಲೆಯಾಡಿಸಿದ. ಉಸ್ತಾದರು ಹೊರಗೆ ಬಂದು ಸಾವುಕಾರರ ಎರಡೂ ಕೈ ಹಿಡಿದುಕೊಂಡರು. ಆ ಕೈ ಬಿಡಿಸಬೇಕು ಅನ್ನಿಸಿತು ನನಗೆ. ಬೋಣಿಯ ವಿಷಯ ಹೇಳಲಿಲ್ಲ.

ಅದರ ಮರುದಿನ ಬೆಳಿಗ್ಗೆ ಉಸ್ತಾದರ ಮನೆಯ ಮುಂದಿನ ನಮ್ಮ ಅಂಗಡಿಯ ಕದ ತೆರೆಯಿತು. ಉಸ್ತಾದರು ಮಷೀನಿಗೆ ಎಣ್ಣೆ ಬಿಡುವಷ್ಟರಲ್ಲಿ ಮಹಾರುದ್ರಪ್ಪನವರು ಬಗಲಲ್ಲಿ ಖಾದಿಯ ಗಂಟು ಹಿಡಿದು ಬಂದು ನಿಂತರು. ಹೊಸ ಸರಕಾರಕ್ಕೆ ಒಪ್ಪುವಂಥ ಒಂದು ಜಾಕೀಟು ಬೇಕಂತೆ. ಜಲ್ದಿ ಬೇಕಂತೆ.

ನಾನು ಉಸ್ತಾದರ ಕಿವಿಯ ಹತ್ತಿರ ಬಗ್ಗಿದೆ. ಇವರು ಯಾಕೆ ಬಂದರು, ಹೇಗೆ ಬಂದರು, ನಾನು ಏನು ಅಂದೆ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. "ಆಗಂಗಿಲ್ಲ ಅಂತ ಹೇಳ್ರಿ. ಒಂದ ಮಾತ ಹೇಳ್ರಿ ಉಸ್ತಾದ, ಸಾಕು."

ಉಸ್ತಾದರು ಎಲ್ಲ ಕೇಳಿದರು. ಸಾವುಕಾರರನ್ನು ಒಮ್ಮೆ ನೋಡಿದರು. ಆಮೇಲೆ ಖಾದಿಯ ತುದಿಯನ್ನು ಬೆರಳ ನಡುವೆ ತಿಕ್ಕಿ ನೇಯ್ಗೆ ಪರೀಕ್ಷಿಸಿದರು.

"ಬೋಣಿ ಗಿರಾಕಿ ಅದ ಬೇಟಾ" ಎಂದರು. "ಅಳತಿಪಟ್ಟಿ ತಾ."

ತಂದುಕೊಟ್ಟೆ.