ಶೇಷಪ್ಪನ ವಿಮಾನದ ಗಾಜು

೧
ಎಲ್ಲಿಂದ ಶುರು ಮಾಡೋದು? "ಭದ್ರಾವತಿಯ ಓಲ್ಡ್ ಟೌನಿನಲ್ಲಿ ಶೇಷಪ್ಪ ಎಂಬುವನೊಬ್ಬನಿದ್ದ" ಎಂದು ಬರೆದು ಹರಿದೆ. ಇದ್ದ ಎಂದರೆ ಸತ್ತ ಎಂದುಕೊಳ್ಳುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತು. ಅವನು ಗಟ್ಟಿಮುಟ್ಟಾಗಿದ್ದಾನೆ. ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಫಿಟ್ಟರ್. ಈಗ ಊಟದ ಟೇಬಲ್ ಮುಂದೆ ಅಂಗೈಯಗಲದ ಪ್ಲಾಸ್ಟಿಕ್ ವಿಮಾನ ಇಟ್ಟುಕೊಂಡು ಕೂತಿದ್ದಾನೆ. (ಆಟಿಕೆ ಅಂದೀರಿ, ಜೋಕೆ. ಮಾಡೆಲ್ ಅನ್ನಬೇಕು.)

೨
ಹದಿನಾಲ್ಕು ತಿಂಗಳಿಂದ ಆ ಟೇಬಲ್ ಮೇಲೆ ಯಾರೂ ಉಂಡಿಲ್ಲ. ಬೆಳಿಗ್ಗೆ ಅವನ ಹೆಂಡತಿ ಹಾಲಮ್ಮ ಕಡ್ಡಿ ಮುರಿದಂತೆ ಹೇಳಿದಳು: "ಸಂಜೆಯೊಳಗೆ ಮುಗೀಲಿಲ್ಲ ಅಂದ್ರೆ ವಿಮಾನ, ಬಣ್ಣ, ಬ್ರಷ್ಷು ಎಲ್ಲ ಅಟ್ಟಕ್ಕೆ. ಜೊತೆಗೆ ನೀವೂ ಹತ್ತಿ."

ಉಳಿದಿರೋದು ಪೈಲಟ್ ಕೂರುವ ಜಾಗದ ಗಾಜು ಮಾತ್ರ, ಅಂದರೆ ತಿಳಿ ಪ್ಲಾಸ್ಟಿಕ್ಕಿನ ಮುಚ್ಚಳ. ಅದರ ಪಟ್ಟಿಗಳು ಹಸಿರಾಗಬೇಕು, ನಡುವಿನ ಕಿಟಕಿಗಳು ತಿಳಿಯಾಗೇ ಇರಬೇಕು. ಕಿಟಕಿಗೆ ರಬ್ಬರಿನ ದ್ರವ ಹಚ್ಚಿ, ಒಣಗಿದ ಮೇಲೆ ಬಣ್ಣ ಹೊಡೆದು, ಆ ರಬ್ಬರನ್ನು ಸುಲಿದು ತೆಗೆಯೋದು. ಮಾಸ್ಕಿಂಗ್ ಫ್ಲೂಯಿಡ್ ಅಂದರೆ ಇಷ್ಟೇ.

೩ (ಕೈಬಿಟ್ಟ ಡ್ರಾಫ್ಟ್)
"ಅದಕ್ಕೆ ದುಡ್ಡು ಯಾಕೆ? ಹಲಸಿನ ಮೇಣ ಇಲ್ವಾ?" ಎಂದು ಶೇಷಪ್ಪ ಡಬ್ಬದಲ್ಲಿ ಬಂದಿದ್ದ ಎರಡು ಗಾಜಿನಲ್ಲಿ ಮೊದಲನೆಯದಕ್ಕೆ ಮೇಣ ಬಳಿದ. ಅದು ಜಪ್ಪಯ್ಯ ಅಂದರೂ ಬಿಡಲಿಲ್ಲ. ಕೊಬ್ಬರಿ ಎಣ್ಣೆ ಹಾಕಿ ಬಿಡಿಸಿದ. ಎಣ್ಣೆ ಕುಡಿದ ಗಾಜಿನ ಮೇಲೆ ಬಣ್ಣ ನಿಲ್ಲಲಿಲ್ಲ. ಇದರಲ್ಲಿ ಬದುಕಿನ ಅರ್ಥ ಹುಡುಕಿ ನಾಲ್ಕು ಪುಟ ಬರೆದೆ. ಹಾಲಮ್ಮ ಓದಿ, "ಕೈಗೆ ಮೇಣ ಅಂಟಿದ್ದಕ್ಕೆ ನಾಲ್ಕು ಪುಟ ಯಾಕೆ ಸಾರ್?" ಅಂದಳು. ಹರಿದೆ.

೪
ಆಮೇಲೆ, ಹೋದ ವಾರ, ಶಿವಮೊಗ್ಗದ ವಿದ್ಯಾನಗರದ ಬಣ್ಣ-ಮಾಡೆಲ್ ಅಂಗಡಿ. ಅಂಗಡಿಯ ಪ್ರಸನ್ನಕುಮಾರ್ ಎರಡು ಬಾಟ್ಲಿ ಇಟ್ಟ.

"ಇದು ಕಾಗದದ ಮೇಲೆ ಚಿತ್ರ ಬರೆಯೋರಿಗೆ, ನೀರಿನ ಥರ ಹರಿಯತ್ತೆ. ಇದು ಮಾಡೆಲ್‌ಗೆ, ಸ್ವಲ್ಪ ಮಂದ. ನೀಲಿ ಬಣ್ಣ, ಎಲ್ಲಿ ಹಚ್ಚಿದ್ರಿ ಅಂತ ಕಾಣತ್ತೆ. ಬ್ರಷ್ ಮೊದ್ಲು ಸೋಪ್ ನೀರಲ್ಲಿ ಅದ್ದಿ. ಬಾಟ್ಲಿ ಅಲ್ಲಾಡಿಸ್ಬೇಡಿ."

"ಮೂವತ್ತು ವರ್ಷದಿಂದ ಪೇಂಟ್ ಡಬ್ಬ ಅಲ್ಲಾಡಿಸಿದೀನಿ ಮಾರಾಯ, ನಂಗೆ ಹೇಳ್ತೀಯ?"

ಮಂದದ್ದನ್ನೇ ಕೊಂಡ. ಭದ್ರಾವತಿವರೆಗೂ ಬಸ್ಸಿನಲ್ಲಿ ಅದನ್ನು ಅರಿಷ್ಟದ ಬಾಟ್ಲಿ ಥರ ಕುಲುಕಿದ. ಒಳಗೆಲ್ಲ ಗುಳ್ಳೆ. ಹಾಗೇ ಹಚ್ಚಿದ್ದರೆ ಗುಳ್ಳೆ ಒಡೆದಲ್ಲಿ ತೂತು, ತೂತಿನಲ್ಲಿ ಬಣ್ಣ ಇಳಿಯುತ್ತಿತ್ತು. (ಇಂಥ ಮೊಂಡನನ್ನು ನಾನ್ಯಾಕೆ ಹುಟ್ಟಿಸಿದೆನೋ.) ಎರಡು ದಿನ ಬಾಟ್ಲಿಯನ್ನು ಮುಟ್ಟದೆ ಇಟ್ಟು, ಗುಳ್ಳೆ ಇಳಿದ ಮೇಲೆ ಎರಡನೇ ಗಾಜಿಗೆ ಹಚ್ಚಿದ. ಮೂರನೇದು ಇಲ್ಲ. ಈಗಷ್ಟೇ ಹಸಿರು ಹೊಡೆದಿದ್ದಾನೆ. ಸುಲಿಯೋದು ಬಾಕಿ.

೫
ಅಂತ್ಯ ಒಂದು: ಸಲೀಸಾಗಿ ಬರುತ್ತದೆ. (ಸಪ್ಪೆ.)
ಅಂತ್ಯ ಎರಡು: ಬಣ್ಣವೂ ಕಿತ್ತು ಬರುತ್ತದೆ, ಶೇಷಪ್ಪ ಅಟ್ಟ ಹತ್ತುತ್ತಾನೆ.
ಅಂತ್ಯ ಮೂರು: ಯೋಚಿಸುತ್ತಿದ್ದೇನೆ.

"ಬೇಗ ಯೋಚ್ನೆ ಮಾಡಿ ಮಾರಾಯ್ರೆ," ಶೇಷಪ್ಪ ಅಂದ. "ಬಣ್ಣ ಪೂರ್ತಿ ಗಟ್ಟಿಯಾದ್ರೆ ಅಂಚು ಚಕ್ಕೆಚಕ್ಕೆ ಏಳತ್ತೆ. ಇನ್ನೂ ಬಿಟ್ರೆ ರಬ್ಬರ್ ಗಾಜಿಗೇ ಕಚ್ಕೊಳತ್ತೆ."

"ಇದು ಆಧುನಿಕೋತ್ತರ ಕಥೆ ಕಣಯ್ಯ. ಮುಗಿಯಬಾರದು."

"ನಿಮ್ಮ ಕಥೆ ಮುಗೀದಿದ್ರೆ ನನ್ನ ಗಾಜು ಮುಗಿಯತ್ತೆ."

ನನಗೆ ಪಿತ್ತ ನೆತ್ತಿಗೇರಿತು. "ನಿನ್ನನ್ನ ಹುಟ್ಟಿಸಿದೋನು ನಾನು."

"ಹುಟ್ಟಿಸಿದೋರು ಮೊದ್ಲು ಆ ಫ್ಯಾನ್ ಆಫ್ ಮಾಡಿ. ಒಣಗ್ತಿದೆ."

ಆಫ್ ಮಾಡಿದೆ. ಶೇಷಪ್ಪ ಚಿಮಟ ಎತ್ತಿಕೊಂಡ. ಕಬ್ಬಿಣ ತಿದ್ದುವ ದಪ್ಪ ಬೆರಳಿಗೆ ರಬ್ಬರಿನ ಅಂಚೇ ಸಿಗಲಿಲ್ಲ.

"ಸ್ವಲ್ಪ ಸರೀರಿ," ಹಾಲಮ್ಮ ಬಂದು ಪಕ್ಕದಲ್ಲಿ ಕೂತಳು. "ದಿನಾ ಹಾಲಿನ ಕೆನೆ ತೆಗೆಯೋಳು ನಾನು."

ಶೇಷಪ್ಪ ಅನುಮಾನದಿಂದ ನೋಡಿದ. ಕೆಟ್ಟರೆ ಲಾಭ ಅವಳಿಗೇ.

"ಕೆಡಿಸ್ಬೇಕು ಅಂದಿದ್ರೆ ಹದಿನಾಲ್ಕು ತಿಂಗಳು ಕಾಯ್ತಿದ್ನಾ?" ಅಂದಳು.

ಚಿಮಟ ಕೊಟ್ಟ. ಅವಳು ಉಸಿರು ಬಿಗಿಹಿಡಿದು ಬಗ್ಗಿದಳು. ನೀಲಿ ರಬ್ಬರಿನ ಒಂದು ಮೂಲೆ ಎದ್ದಿತು. ನಾನೂ ಬಗ್ಗಿದೆ.

"ಸಾರ್, ಬೆಳಕಿಗೆ ಅಡ್ಡ ನಿಂತಿದೀರಿ. ಆಚೆ ಹೋಗಿ," ಅಂದಳು ಹಾಲಮ್ಮ.

೬
ಮೆಟ್ಟಿಲ ಮೇಲೆ ಕೂತಿದ್ದೇನೆ. ಒಳಗಿಂದ ಬಾಗಿಲು ಹಾಕಿಕೊಂಡಿದ್ದಾರೆ. ಚಿಮಟ ಟೇಬಲ್ ಮೇಲಿಟ್ಟ ಸದ್ದಾಯಿತು. ಆಮೇಲೆ ಹಾಲಮ್ಮ ನಕ್ಕಳು. ಹಿಂದೆಯೇ ಶೇಷಪ್ಪನೂ ನಕ್ಕ. ಗಾಜು ಉಳಿದದ್ದಕ್ಕೋ ಹೋದದ್ದಕ್ಕೋ, ನನಗೆ ಗೊತ್ತಿಲ್ಲ. ನಾನು ತಟ್ಟಲ್ಲ. ತಿಳಿಯಲೇಬೇಕು ಅಂತಿದ್ದರೆ ನೀವೇ ತಟ್ಟಿ. ಬೈಸಿಕೊಂಡರೆ ನನ್ನ ಹೆಸರು ಹೇಳಬೇಡಿ.